ಲೆಕ್ಕಕ್ಕೆ ಸಿಗದ ತೊಂಬತ್ತಾರು ಹಕ್ಕಿಗಳು

ಲಾಭ

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ ಎಂದು ನಿಮ್ಮನ್ನು ಕೇಳುವುದು ಬರೀ ನಾಟಕ. ನೀವು ಹೇಳುವುದಿಲ್ಲ, ಹೇಳಿದರೂ ನಾನು ಕೇಳುವವಳಲ್ಲ. ಆದರೂ ಕೇಳುತ್ತಿದ್ದೇನೆ, ಯಾಕೆಂದರೆ ಸೋಮವಾರದಿಂದ ಮೂರು ಸಲ ಶುರುಮಾಡಿ ಮೂರನ್ನೂ ಹರಿದುಹಾಕಿದ್ದೇನೆ. (ಹರಿದುಹಾಕಿದ್ದೇನೆ ಎಂಬುದು ಮಾತಿಗೆ. ಲ್ಯಾಪ್‌ಟಾಪಿನಲ್ಲಿ ಹರಿಯಲು ಏನಿದೆ? ಡಿಲೀಟ್ ಒತ್ತಿದೆ.)

ಮೊದಲನೆಯ ಡ್ರಾಫ್ಟು ಹೀಗಿತ್ತು: "ಬಹಳ ಹಿಂದೆ ನ್ಯೂಜಿಲೆಂಡಿನಲ್ಲಿ ಮೋವಾ ಎಂಬ ಹಾರಲಾರದ ದೊಡ್ಡ ಹಕ್ಕಿಗಳಿದ್ದವು. ಮನುಷ್ಯರು ಬಂದರು, ಅಷ್ಟನ್ನೂ ತಿಂದು ಮುಗಿಸಿದರು." ಇಲ್ಲಿಗೆ ಬಂದ ಪ್ರತಿಯೊಬ್ಬ ಕನ್ನಡದ ಲೇಖಕನೂ ಮ್ಯೂಸಿಯಂ ನೋಡಿಕೊಂಡು ಬಂದ ಸಂಜೆ ಬರೆಯುವ ವಾಕ್ಯ ಇದು. ನಾನೂ ಬರೆದಿದ್ದೇನೆ. ಯುಗಾದಿ ಸ್ಮರಣ ಸಂಚಿಕೆ, ಪುಟ ಹದಿನಾಲ್ಕು, ಎದುರು ಪುಟದಲ್ಲಿ ಹೋಳಿಗೆ ಆರ್ಡರಿನ ಜಾಹೀರಾತು. ಆದ್ದರಿಂದ ಮೋವಾ ಬೇಡ.

ಎರಡನೆಯದು ಸರ್ಕಾರಿ ಭಾಷೆಯಲ್ಲಿತ್ತು: "ಮನುಷ್ಯರ ಆಹಾರಕ್ಕಾಗಿ ವಧಿಸಲಾದ ಪ್ರತಿಯೊಂದು ಆಸ್ಟ್ರಿಚ್ಚಿಗೂ ನಿಗದಿತ ಲೆವಿಯನ್ನು ಸರ್ಕಾರಕ್ಕೆ ಸಲ್ಲಿಸತಕ್ಕದ್ದು." ಇದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ, ಕಥೆ ಇದರ ಅಡಿಯಲ್ಲೇ ಸಿಕ್ಕಿಕೊಂಡಿದೆ. ಲೆವಿ ಏನೂ ದೊಡ್ಡ ಮೊತ್ತವಲ್ಲ, ಹಕ್ಕಿಯೊಂದಕ್ಕೆ ಎರಡು ಕಾಫಿಯಷ್ಟು. ಕತ್ತಿಗೆ ಹೋದ ಹಕ್ಕಿಗೆ ಲೆವಿ ಉಂಟು, ಬರುವ ದಾರಿಯಲ್ಲಿ ಟ್ರಕ್ಕಿನೊಳಗೇ ಸತ್ತ ಹಕ್ಕಿಗೆ ಇಲ್ಲ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾಳೆ ಒಬ್ಬ ಮನುಷ್ಯನ ಕೆಲಸ ಹೋಗಲಿರುವುದು ಇದರಿಂದಲೇ.

೨

ನಾನು ಅಮಿತಾ. ಆಕ್ಲೆಂಡಿನ ನ್ಯೂ ಲಿನ್‌ನಲ್ಲಿದ್ದೇನೆ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಬಿಡುವಿನಲ್ಲಿ ಕಥೆ ಬರೆಯುತ್ತೇನೆ ಎಂದು ನಾನು ಹೇಳಿಕೊಳ್ಳುತ್ತೇನೆ, ಬೇರೆ ಯಾರೂ ಹೇಳುವುದಿಲ್ಲ.

ನನ್ನ ಕಥಾನಾಯಕ ಡಾಕ್ಟರ್ ಮೋಹನ. ದನದ ಡಾಕ್ಟರು, ಹೆಬ್ಬಾಳದಲ್ಲಿ ಓದಿದವರು, ಊರು ತುರುವೇಕೆರೆ ಕಡೆ. ಎರಡು ವರ್ಷದ ಹಿಂದೆ ಹೆಂಡತಿ ಇಂದಿರಾ, ಮಗಳು ಹರ್ಷಿಣಿಯ ಜೊತೆ ಇಲ್ಲಿಗೆ ಬಂದರು. ಪುಕೆಕೊಹೆಯಿಂದ ಆಚೆ, ಈರುಳ್ಳಿ ಹೊಲಗಳ ನಡುವೆ ಒಂದು ಸಣ್ಣ ಕಸಾಯಿಖಾನೆ ಇದೆ. ಇಲ್ಲಿನವರು ಅದನ್ನು ಬರೀ 'ವರ್ಕ್ಸ್' ಎನ್ನುತ್ತಾರೆ. ಮಂಗಳವಾರ ಅಲ್ಲಿ ಆಸ್ಟ್ರಿಚ್ ದಿನ. ಶಾಲೆಯಲ್ಲಿ ನಾವು ಉಷ್ಟ್ರಪಕ್ಷಿ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಹಕ್ಕಿಗಳು ಆರೋಗ್ಯವಾಗಿವೆಯೇ ಎಂದು ನೋಡಿ, ಎಣಿಸಿ, ಲೆವಿಯ ಹಾಳೆಗೆ ಸಹಿ ಹಾಕುವುದು ಮೋಹನ ಡಾಕ್ಟರ ಕೆಲಸ. ಮೂವರ ವೀಸಾ ಈ ಕೆಲಸಕ್ಕೇ ಕಟ್ಟಿಕೊಂಡಿದೆ. ರೆಸಿಡೆನ್ಸಿ ಅರ್ಜಿ ಹಾಕಿ ಏಳು ತಿಂಗಳಾಯಿತು.

ಮೂರನೆಯ ಡ್ರಾಫ್ಟನ್ನು ಅವರಿಗೆ ತೋರಿಸಿದೆ. ಇಂಥ ಕಥೆಗಳಲ್ಲಿ ಪಾತ್ರಗಳು ಲೇಖಕರ ಜೊತೆ ಜಗಳಕ್ಕೆ ನಿಲ್ಲುವುದು ಮಾಮೂಲು. ನನ್ನ ಪಾತ್ರ ಜಗಳಕ್ಕೆ ನಿಂತದ್ದು ನಿಜವಾಗಿಯೂ ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ನನ್ನದೇ ಚಕ್ಕುಲಿ ತಿನ್ನುತ್ತ.

"ಏನಮ್ಮ ಇದು? ಮೊದ್ಲನೇ ದಿನ ರಕ್ತ ನೋಡಿ ವಾಂತಿ ಮಾಡ್ಕೊಂಡೆ ಅಂತ ಬರ್ದಿದೀರಲ್ಲ?"

"ಓದೋರಿಗೆ ಅನುಕಂಪ ಬರ್ಲಿ ಅಂತ, ಡಾಕ್ಟ್ರೇ."

"ಭಾನುವಾರ ಆದ್ರೆ ಕೋಳಿ ಸಾರು, ಮುದ್ದೆ ತಿನ್ನೋನು ನಾನು. ನಮ್ಮಪ್ಪ ಹಬ್ಬಕ್ಕೆ ತಾವೇ ಕುರಿ ಕುಯ್ತಿದ್ರು. ನಾನ್ಯಾಕೆ ವಾಂತಿ ಮಾಡ್ಕೊಳ್ಲಿ? ಹೊಡ್ದಾಕಿ ಅದನ್ನ."

ಹೊಡೆದುಹಾಕಿದೆ. ಒಟ್ಟು ಮೂರು ಡ್ರಾಫ್ಟು ಹೋದವು.

೩

ಈಗ ಕೆಲಸದ ಜಾಗ. ಇದನ್ನು ನಾನು ಕಣ್ಣಾರೆ ಕಂಡಿಲ್ಲ, ಡಾಕ್ಟರು ಹೇಳಿದಂತೆ ಬರೆಯುತ್ತಿದ್ದೇನೆ. (ಇಲ್ಲಿ ನಾನು ಕಲ್ಪನೆ ಸೇರಿಸಿಲ್ಲ. ಸೇರಿಸುವ ಧೈರ್ಯವಾಗಲಿಲ್ಲ.)

ಆಸ್ಟ್ರಿಚ್ಚಿನ ತಲೆಗೆ ಕಪ್ಪು ಬಟ್ಟೆಯ ಚೀಲ ಎಳೆದರೆ ಅದು ಸುಮ್ಮನಾಗಿಬಿಡುತ್ತದೆ. ನೂರು ಕಿಲೋ ತೂಗುವ ಹಕ್ಕಿ, ಒಂದೇ ಒದೆತಕ್ಕೆ ಮನುಷ್ಯನ ಹೊಟ್ಟೆ ಬಗೆಯಬಲ್ಲ ಹಕ್ಕಿ, ಕಣ್ಣಿಗೆ ಕತ್ತಲಾದ ಕೂಡಲೇ ಕರೆದಲ್ಲಿಗೆ ಬರುತ್ತದೆ. ಒಬ್ಬೊಬ್ಬರನ್ನೇ ಗೇಟಿನ ಮೂಲಕ ಒಳಗೆ ನಡೆಸುತ್ತಾರೆ. ಒಬ್ಬೊಬ್ಬರನ್ನೇ ಎಂದು ಬರೆದುಬಿಟ್ಟೆ, ಒಂದೊಂದನ್ನೇ ಎಂದು ಓದಿಕೊಳ್ಳಿ. ಗೇಟಿನ ಬಳಿ ಡಾಕ್ಟರು ನಿಂತು ಪ್ರತಿಯೊಂದರ ಬೆನ್ನ ಮೇಲೆ ಅಂಗೈ ಇಟ್ಟು, ಉಸಿರು ನೋಡಿ, ಗಟ್ಟಿಯಾಗಿ ಎಣಿಸುತ್ತಾರೆ.

ಪಕ್ಕದಲ್ಲಿ ಎತ್ತರದ ಪ್ಲೈವುಡ್ ಹಲಗೆ. ಅದರಾಚೆ ರಾವಿರಿ. ಐವತ್ತೆಂಟು ವರ್ಷದ ಮಾವೊರಿ, ಅಂದರೆ ಈ ದೇಶದ ಮೂಲನಿವಾಸಿ, ಅದೇ ವರ್ಕ್ಸ್‌ನಲ್ಲಿ ಮೂವತ್ತು ವರ್ಷ ದುಡಿದವರು. ಅವರ ಕೈಯಲ್ಲಿ ಒತ್ತಿದರೆ ಒಂದೊಂದು ಅಂಕಿ ಏರುವ ಕ್ಲಿಕ್ಕರ್. ಅವರಿಗೆ ಹಕ್ಕಿ ಕಾಣುವುದಿಲ್ಲ, ಡಾಕ್ಟರ ದನಿ ಮಾತ್ರ ಕೇಳುತ್ತದೆ. ಪ್ರತಿ ದನಿಗೆ ಒಂದು ಕ್ಲಿಕ್. ಕೊನೆಗೆ ಕ್ಲಿಕ್ಕರ್ ತೋರಿಸಿದ ಅಂಕಿಯನ್ನು ರಾವಿರಿ ಹಾಳೆಗೆ ಬರೆಯುತ್ತಾರೆ, ಡಾಕ್ಟರು ಸಹಿ ಹಾಕುತ್ತಾರೆ. ಹೆಣಗಳು ಒಳಗೆ ಹೋದಮೇಲೆ ಕಿಲೋ ಲೆಕ್ಕ, ಹಕ್ಕಿಗಳನ್ನು ಯಾರೂ ಮತ್ತೆ ಎಣಿಸುವುದಿಲ್ಲ.

ಡಾಕ್ಟರು ಎಣಿಸುತ್ತಿದ್ದದ್ದು ಕನ್ನಡದಲ್ಲಿ. ಮೊದಲ ವಾರವೇ "ಇಂಗ್ಲಿಷಲ್ಲಿ ಎಣಿಸಲಾ?" ಎಂದು ಕೇಳಿದ್ದರಂತೆ. "ನಿಮ್ಮ ಭಾಷೆಯಲ್ಲೇ ಎಣಿಸಿ ಡಾಕ್, ನನಗೆ ಸದ್ದು ಸಾಕು" ಎಂದಿದ್ದರು ರಾವಿರಿ. ಅವರ ಅಜ್ಜಿಗೆ ಶಾಲೆಯಲ್ಲಿ ಮಾವೊರಿ ಮಾತಾಡಿದ್ದಕ್ಕೆ ಕೈಮೇಲೆ ಬಾರಿಸಿದ್ದರಂತೆ. ಹಾಗಾಗಿ ಯಾರ ಭಾಷೆಯನ್ನೂ ಬಿಡಿಸಬಾರದು ಎಂಬುದು ಆ ಮನುಷ್ಯನ ನಿಯಮ.

ಇಷ್ಟೊಂದು ಒಳ್ಳೆಯತನ ಇರುವ ಕಡೆ ಏನು ತಪ್ಪಾಗಲು ಸಾಧ್ಯ ಎಂದು ನೀವು ಕೇಳಬಹುದು. ಈ ಪುಟದಲ್ಲಿ ತಪ್ಪಾಗಿರುವುದೆಲ್ಲ ಒಳ್ಳೆಯತನದಿಂದಲೇ.

೪

ನೀವು ಕನ್ನಡದವರು, ನಿಮಗೆ ಆಗಲೇ ಹೊಳೆದಿರಬೇಕು. ಹೊಳೆಯದಿದ್ದರೆ ಈ ಕಥೆಯ ಮೊದಲ ಭಾಗದ ನೆತ್ತಿಯ ಮೇಲೆ ಯಾವ ಅಂಕಿ ಇದೆ ಎಂದು ಒಮ್ಮೆ ಹಿಂದೆ ಹೋಗಿ ನೋಡಿ ಬನ್ನಿ.

ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಎನ್ನುವುದಿಲ್ಲ. ಲಾಭ, ಎರಡು, ಮೂರು. ಡಾಕ್ಟರ ಅಪ್ಪ ಊರಿನವರಿಗೆಲ್ಲ ರಾಗಿ ಅಳೆದುಕೊಡುತ್ತಿದ್ದವರು. ಆ ದನಿ ಮಗನ ಬಾಯಲ್ಲಿ ಉಳಿದಿದೆ. ಮೈಸೂರಿನಲ್ಲಿ ನನ್ನಜ್ಜಿಯೂ ಪಾವಿನಲ್ಲಿ ಅಕ್ಕಿ ಅಳೆಯುವಾಗ ಹಾಗೇ ಎಣಿಸುತ್ತಿದ್ದರು, ನಾನು ಇವತ್ತಿಗೂ ಕುಕ್ಕರಿಗೆ ಅಕ್ಕಿ ಹಾಕುವಾಗ ಹಾಗೇ ಎಣಿಸುತ್ತೇನೆ. ಎಣಿಸುತ್ತಿದ್ದೇನೆ ಎಂದು ಗೊತ್ತಿಲ್ಲದೇ ಎಣಿಸುತ್ತೇನೆ.

ಮಂಗಳವಾರದ ಮೊದಲ ಹಕ್ಕಿ ಗೇಟಿನಲ್ಲಿ ಯಾವಾಗಲೂ ಮೊಂಡು ಹಿಡಿಯುತ್ತದೆ. ಡಾಕ್ಟರು ಅದರ ಬೆನ್ನು ಸವರಿ, ಮೆಲ್ಲಗೆ "ಲಾಭ" ಎನ್ನುತ್ತಾರೆ. ಅದು ಒಳಗೆ ಹೋಗುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದರ ಹಿಂದೆ ಒಂದು: ಎರಡು, ಮೂರು, ನಾಲ್ಕು.

ಮಾವೊರಿ ಜನ ಯಾವ ದೊಡ್ಡ ಕೆಲಸಕ್ಕೂ ಮೊದಲು ಕರಕಿಯಾ ಹೇಳುತ್ತಾರೆ, ನಮ್ಮ ಪ್ರಾರ್ಥನೆಯ ಹಾಗೆ. ನಮ್ಮ ಆಸ್ಪತ್ರೆಯ ಮೀಟಿಂಗುಗಳೂ ಅದರಿಂದಲೇ ಶುರು. ಹಲಗೆಯಾಚೆ ನಿಂತ ರಾವಿರಿಗೆ ಆ ಮೆಲ್ಲಗಿನ ಮೊದಲ ಮಾತು, ಅದರ ಹಿಂದಿನ ಮೌನ, ಕರಕಿಯಾದಂತೆ ಕೇಳಿಸಿತು. ಪ್ರಾರ್ಥನೆಗೆ ಯಾರಾದರೂ ಕ್ಲಿಕ್ ಒತ್ತುತ್ತಾರೆಯೇ? ಅವರು ತಲೆಯ ಮೇಲಿನ ಟೋಪಿ ತೆಗೆದು ನಿಲ್ಲುತ್ತಿದ್ದರು. ಎರಡು ಎಂದಾಗ ಟೋಪಿ ಹಾಕಿಕೊಂಡು ಎಣಿಕೆ ಶುರುಮಾಡುತ್ತಿದ್ದರು. ಹಲಗೆಯ ಮೇಲಿಂದ ಡಾಕ್ಟರಿಗೆ ಕಾಣುತ್ತಿದ್ದದ್ದು ಆ ಟೋಪಿ ಒಂದೇ. ಬೆವರು ಒರೆಸಿಕೊಳ್ಳುತ್ತಾರೆ ಎಂದುಕೊಂಡಿದ್ದರು.

ಹೀಗೆ ಪ್ರತಿ ಮಂಗಳವಾರ ಒಂದು ಹಕ್ಕಿ ಹಾಳೆಗೆ ಬೀಳಲಿಲ್ಲ. ಟ್ರಕ್ಕಿನವನ ಚೀಟಿಯಲ್ಲಿ ಹದಿಮೂರು, ಹಾಳೆಯಲ್ಲಿ ಹನ್ನೆರಡು. ಆಫೀಸಿನವರು ಎರಡನ್ನೂ ಸರಿದೂಗಿಸಲು "ದಾರಿಯಲ್ಲಿ ಸತ್ತದ್ದು: ಒಂದು" ಎಂದು ಬರೆದುಕೊಳ್ಳುತ್ತ ಹೋದರು. ಕಾಗದದ ಮಟ್ಟಿಗೆ ಆ ಹಕ್ಕಿಗಳಿಗೆ ಕತ್ತಿ ತಾಗಲೇ ಇಲ್ಲ.

ಚರ್ಮ ಹದ ಮಾಡುವವರು ಮಾತ್ರ ಚರ್ಮಗಳನ್ನು ಎಣಿಸುತ್ತಾರೆ. ದಾರಿಯಲ್ಲಿ ಸತ್ತ ಹಕ್ಕಿಯ ಚರ್ಮ ಸುಲಿಯುವುದಿಲ್ಲ, ಹಾಗೇ ಗುಂಡಿಗೆ ಹಾಕುತ್ತಾರೆ. ಆಡಿಟ್ ಬಂದಾಗ ಹಾಳೆಯಲ್ಲಿದ್ದ ಹಕ್ಕಿಗಳಿಗಿಂತ ತೊಂಬತ್ತಾರು ಚರ್ಮ ಹೆಚ್ಚಿಗೆ ಸಿಕ್ಕವು.

೫

ಕಳೆದ ಶುಕ್ರವಾರ ಮೊದಲ ವಿಚಾರಣೆ. ಸರ್ಕಾರದ ಕಡೆಯಿಂದ ಇಬ್ಬರು, ವರ್ಕ್ಸ್‌ನ ಮ್ಯಾನೇಜರ್, ರಾವಿರಿ, ಡಾಕ್ಟರು. ಆರೋಪ ನೇರವಾಗಿತ್ತು: ಯಾರೋ ಸತ್ತ ಹಕ್ಕಿಗಳೆಂದು ಬರೆದು, ಲೆವಿ ತಪ್ಪಿಸಿ, ತಪಾಸಣೆ ಇಲ್ಲದ ಮಾಂಸ ಮಾರಿದ್ದಾರೆ. ಕ್ಲಿಕ್ಕರ್ ಯಾರ ಕೈಯಲ್ಲಿತ್ತು?

"ನನ್ನ ಕೈಯಲ್ಲಿ" ಎಂದರು ರಾವಿರಿ.

ಪ್ರತಿ ವಾರ ಒಂದೇ ಒಂದು ಹಕ್ಕಿ ಯಾಕೆ ತಪ್ಪುತ್ತದೆ ಎಂದು ಕೇಳಿದರು. ಪ್ರಾರ್ಥನೆಯ ಹೊತ್ತಿನಲ್ಲೇ ಒಂದು ಹಕ್ಕಿ ಒಳಗೆ ಹೋಗುತ್ತಿತ್ತು ಎಂದು ರಾವಿರಿಗೆ ಹೊಳೆದದ್ದು ಆಗಲೇ ಇರಬೇಕು. ಡಾಕ್ಟರ ಕಡೆ ನೋಡಿದರು, ಸಿಟ್ಟಿನಿಂದಲ್ಲ.

"ಶುರುವಿನಲ್ಲಿ ಒಂದು ವಿಷಯ ಇದೆ" ಎಂದರು. "ಅದು ನನ್ನದಲ್ಲ. ನನ್ನದಲ್ಲದ್ದನ್ನು ಈ ಕೋಣೆಯಲ್ಲಿ ನಾನು ಮಾತಾಡಲ್ಲ."

ಆ ಕ್ಷಣದಲ್ಲಿ ಟೋಪಿ ಡಾಕ್ಟರಿಗೆ ಅರ್ಥವಾಯಿತು. ತೊಂಬತ್ತಾರು ಮಂಗಳವಾರ ಆ ಟೋಪಿ ಯಾಕೆ ಕೆಳಗಿಳಿಯಿತು ಎಂದು ಗೊತ್ತಾಯಿತು. ಅವರು ಬಾಯಿ ತೆರೆಯಬಹುದಿತ್ತು. ಅವರ ಎದುರು ನೀರಿನ ಲೋಟ ಇತ್ತು, ಅದನ್ನು ಎತ್ತಿ ಕುಡಿದರು.

ರಾವಿರಿಯನ್ನು ಅವತ್ತೇ ಮನೆಗೆ ಕಳಿಸಿದರು. ತೀರ್ಮಾನ ನಾಳೆ ಬೆಳಿಗ್ಗೆ ಹತ್ತಕ್ಕೆ. ಕೆಲಸ ಹೋಗುತ್ತದೆ, ಕೇಸೂ ಆಗಬಹುದು. ಮೂವತ್ತು ವರ್ಷ ದುಡಿದ ಜಾಗದಿಂದ ಕಳ್ಳ ಎನಿಸಿಕೊಂಡು ಹೊರಡುತ್ತಾರೆ.

೬

"ಡಾಕ್ಟ್ರೇ, ಒಂದು ಕೇಳ್ತೀನಿ. ನಿಮ್ಮ ಬಾಯಲ್ಲಿ ಹದಿಮೂರು ಬಂದಿರತ್ತೆ. ಕಾಗದದಲ್ಲಿ ಹನ್ನೆರಡು ಇರತ್ತೆ. ಒಂದು ದಿನಾನೂ ಕಣ್ಣಿಗೆ ಬೀಳ್ಲಿಲ್ವಾ?"

ಅವರು ಕೈಯಲ್ಲಿದ್ದ ಚಕ್ಕುಲಿಯನ್ನು ತಟ್ಟೆಗೆ ವಾಪಸ್ಸಿಟ್ಟರು.

"ಇದನ್ನೂ ಬರೀತೀರಾ?"

"ಗೊತ್ತಿಲ್ಲ."

"ಎರಡನೇ ತಿಂಗ್ಳಲ್ಲೇ ಬಿತ್ತು." ಬಹಳ ಸಣ್ಣ ದನಿಯಲ್ಲಿ ಹೇಳಿದರು. "ನಾನೇ ತಪ್ಪೆಣಿಸಿರ್ಬೇಕು ಅನ್ಕೊಂಡೆ. ಅವ್ರ ಕೈಯಲ್ಲಿ ಮಿಷಿನ್ನು, ನನ್ನ ಬಾಯಲ್ಲಿ ಕನ್ನಡ. ಬಂದು ಎರಡು ತಿಂಗ್ಳಾಗಿದೆ. ಯಾರನ್ನ ನಂಬ್ತಾರೆ ಹೇಳಿ? ಮುಂದಿನ ವಾರ ಮತ್ತೆ ಹಂಗೇ ಆಯ್ತು. ಆಮೇಲೆ ಅಂಕಿ ನೋಡೋದೇ ಬಿಟ್ಬಿಟ್ಟೆ. ಸೈನ್ ಹಾಕೋ ಜಾಗ ಮಾತ್ರ ನೋಡ್ತಿದ್ದೆ."

"ಈಗ ಹೇಳ್ಬೋದಲ್ಲ?"

"ಹೇಳಿದ್ರೆ ತೊಂಬತ್ತಾರು ಸುಳ್ಳು ಸೈನ್ ನಂದು. ಲೈಸೆನ್ಸ್ ಹೋಗತ್ತೆ, ವೀಸಾ ಹೋಗತ್ತೆ. ಹರ್ಷಿಣಿಗೆ ಇನ್ನೆರಡು ವರ್ಷ ಸ್ಕೂಲಿದೆ. ನೀವು ನನ್ನ ಜಾಗದಲ್ಲಿ ಇದ್ದಿದ್ರೆ ಏನು ಮಾಡ್ತಿದ್ರಿ?"

ಲೇಖಕಿಗೆ ಇಂಥ ಪ್ರಶ್ನೆ ಕೇಳಬಾರದು. ನಾನು ಟೀ ಮಾಡಲು ಎದ್ದೆ.

ಅವರು ಹೊರಟ ಮೇಲೆ ಇಂದಿರಾ ಫೋನ್ ಮಾಡಿದಳು. ನನಗಿಂತ ಎರಡು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. "ಬರಿಯೋದಾದ್ರೆ ಬರೀರಿ ಅಕ್ಕ. ಕನ್ನಡದಲ್ಲಿ ತಾನೆ? ಇಲ್ಲಿ ಯಾರು ಓದ್ತಾರೆ" ಎಂದಳು. ಅವಳು ಚುಚ್ಚಲು ಹೇಳಿದ್ದಲ್ಲ, ನನಗೆ ಚುಚ್ಚಿತು.

೭

ಕೆಲವು ಮುಕ್ತಾಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಮೊದಲನೆಯದು: ನಾಳೆ ಹತ್ತಕ್ಕೆ ಡಾಕ್ಟರು ಎದ್ದು ನಿಲ್ಲುತ್ತಾರೆ. "ಆ ಮೊದಲ ಮಾತು ಪ್ರಾರ್ಥನೆಯಲ್ಲ, ಎಣಿಕೆ" ಎನ್ನುತ್ತಾರೆ. ಅಧಿಕಾರಿಗಳು ಮೆಚ್ಚುತ್ತಾರೆ, ರಾವಿರಿ ಅಪ್ಪಿಕೊಳ್ಳುತ್ತಾರೆ, ಬಾಕಿ ಲೆವಿ ಕಟ್ಟಿ ಎಲ್ಲರೂ ಮನೆಗೆ ಹೋಗುತ್ತಾರೆ. (ಇದನ್ನು ಟೈಪ್ ಮಾಡುವಾಗ ನನಗೇ ನಾಚಿಕೆಯಾಯಿತು. ಪೂರ್ತಿ ಅಳಿಸುವ ಮನಸ್ಸಾಗಲಿಲ್ಲ, ಅಷ್ಟೇ.)

ಎರಡನೆಯದು: ಯಾರೂ ಏನೂ ಹೇಳುವುದಿಲ್ಲ. ರಾವಿರಿ ಟೌರಂಗಾಕ್ಕೆ ಹೋಗಿ ತಂಗಿಯ ಮನೆಯಲ್ಲಿದ್ದುಕೊಂಡು ಕಿವಿಹಣ್ಣು ಪ್ಯಾಕ್ ಮಾಡುತ್ತಾರೆ. ಅರವತ್ತರ ಹತ್ತಿರದ ಸೊಂಟ, ದಿನಕ್ಕೆ ಹತ್ತು ಗಂಟೆ ನಿಂತ ಕೆಲಸ. ಡಾಕ್ಟರಿಗೆ ರೆಸಿಡೆನ್ಸಿ ಬರುತ್ತದೆ, ನಾವೆಲ್ಲ ಪಾರ್ಟಿಗೆ ಹೋಗಿ ಬಿಸಿಬೇಳೆಬಾತ್ ತಿನ್ನುತ್ತೇವೆ. ಮಂಗಳವಾರ ಬೇರೆ ಯಾರೋ ಕ್ಲಿಕ್ಕರ್ ಹಿಡಿದು ನಿಂತಿರುತ್ತಾರೆ. ಡಾಕ್ಟರು ಇಂಗ್ಲಿಷಿನಲ್ಲಿ ಎಣಿಸುತ್ತಾರೆ. ಹಲಗೆಯ ಮೇಲಿಂದ ನೋಡುತ್ತಾರೆ, ಟೋಪಿ ಅಲ್ಲಾಡುವುದಿಲ್ಲ.

ಇದರಲ್ಲಿ ಬಾತ್ ತಿನ್ನುವ ಸಾಲನ್ನು ಬರೆಯುವುದು ನನಗೆ ಬಹಳ ಸುಲಭವಾಯಿತು.

ಮೂರನೆಯದನ್ನು ಬರೆಯಲು ಕೂತಾಗ ಕೈ ಓಡಲಿಲ್ಲ. ಯಾಕೆ ಓಡಲಿಲ್ಲ ಎಂದು ಹೇಳಬೇಕಾದರೆ ಇಷ್ಟು ಹೊತ್ತು ನಿಮ್ಮಿಂದ ಮುಚ್ಚಿಟ್ಟದ್ದನ್ನು ಹೊರಗೆ ತೆಗೆಯಬೇಕು.

೮

ಡಾಕ್ಟರು ಬಂದ ಮೂರನೆಯ ತಿಂಗಳು, ಹರ್ಷಿಣಿಯ ಹುಟ್ಟುಹಬ್ಬ. ಪುಕೆಕೊಹೆಯ ಅವರ ಬಾಡಿಗೆ ಮನೆ. ರಾವಿರಿಯೂ ಬಂದಿದ್ದರು, ತಮ್ಮ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಒಂದು ಚೀಲ ಈರುಳ್ಳಿ ಹೇರಿಕೊಂಡು. ಇಂದಿರಾ ದೀಪ ಹಚ್ಚುವಾಗ ಬಾಗಿಲಲ್ಲೇ ನಿಂತಿದ್ದರು. ನನಗೆ ಅರ್ಧ ಚೀಲ ಈರುಳ್ಳಿ ಬೇಕೆಂದಾಗ ನನ್ನ ಫೋನ್ ನಂಬರ್ ಬರೆದುಕೊಂಡರು. ಆಮೇಲೆ ಮೆಟ್ಟಿಲ ಮೇಲೆ ಕೂತು, ಗುಟ್ಟು ಕೇಳುವವರ ಹಾಗೆ ಕೇಳಿದರು. (ಅವರು ಕೇಳಿದ್ದು ಇಂಗ್ಲಿಷಿನಲ್ಲಿ, ನೀವು ಓದುತ್ತಿರುವುದು ಕನ್ನಡದಲ್ಲಿ.)

"ಶುರುಮಾಡುವಾಗ ಡಾಕ್ ಒಂದು ಮಾತು ಹೇಳ್ತಾರೆ. ಲಾಭ. ಅದು ನಿಮ್ಮ ಕರಕಿಯಾ ಥರ ತಾನೆ? ಅವರನ್ನೇ ಕೇಳೋಕೆ ಸಂಕೋಚ."

ನನಗೆಷ್ಟು ಖುಷಿಯಾಯಿತು ಗೊತ್ತೇ? ಈ ದೇಶದಲ್ಲಿ ಒಬ್ಬರು ನನ್ನ ಭಾಷೆಯ ಒಂದು ಶಬ್ದವನ್ನು ಅಷ್ಟು ಸರಿಯಾಗಿ, ಅಷ್ಟು ಮರ್ಯಾದೆಯಿಂದ ಉಚ್ಚರಿಸಿದ್ದರು. ನಾನು ಉಬ್ಬಿಹೋದೆ. "ಹೌದು, ಶುರುವಿಗೆ ಮಾತ್ರ ಹೇಳೋದು. ಬಹಳ ಹಳೆಯ ಪದ್ಧತಿ. ಶುಭವಾಗಲಿ ಅಂತ" ಎಂದೆ. ಅಜ್ಜಿಯ ಅಕ್ಕಿಪಾವಿನ ಬಗ್ಗೆಯೂ ಹೇಳಿದೆ. ಅದೇ ಎಣಿಕೆಯ ಮೊದಲನೆಯದು ಎಂದು ಮಾತ್ರ ಹೇಳಲಿಲ್ಲ. ಹೇಳಬೇಕೆಂದು ತೋಚಲೇ ಇಲ್ಲ. ನಮ್ಮ ಸಂಸ್ಕೃತಿಯ ಬಗ್ಗೆ ಮಾತಾಡಲು ಅವಕಾಶ ಸಿಕ್ಕಿತ್ತು, ಲೆಕ್ಕ ಯಾರಿಗೆ ಬೇಕಿತ್ತು?

"ಹಾಗಿದ್ರೆ ಮುಂದಿನ ವಾರದಿಂದ ಟೋಪಿ ತೆಗೀತೀನಿ" ಎಂದರು ರಾವಿರಿ.

ನಾನು ನಕ್ಕು ಕೇಕ್ ತರಲು ಒಳಗೆ ಹೋದೆ. ಅಂದರೆ ತೊಂಬತ್ತಾರು ಸಲ ಟೋಪಿ ತೆಗೆದರು ಎಂದು ಬರೆದದ್ದು ಸುಳ್ಳು, ಅದಕ್ಕಿಂತ ಹತ್ತೋ ಹನ್ನೆರಡೋ ಕಡಿಮೆ. ಮೊದಲ ಕೆಲವು ವಾರದ ಹಕ್ಕಿಗಳು ಡಾಕ್ಟರ ಪಾಲಿನವು. ಉಳಿದದ್ದರಲ್ಲಿ ನನ್ನ ಪಾಲಿದೆ. ಇದು ಡಾಕ್ಟರಿಗೆ ಗೊತ್ತಿಲ್ಲ. ಅಡುಗೆಮನೆಯಲ್ಲಿ ಅಷ್ಟು ಧೈರ್ಯವಾಗಿ ಅವರನ್ನು ಪ್ರಶ್ನೆ ಕೇಳಿದ ಲೇಖಕಿ ಇದನ್ನು ಹೇಳಲಿಲ್ಲ.

ಆದ್ದರಿಂದ ಮೂರನೆಯ ಮುಕ್ತಾಯಕ್ಕೆ ಡಾಕ್ಟರು ಬೇಕಿಲ್ಲ. ನಾನೊಬ್ಬಳೇ ಸಾಕು. ವಿಚಾರಣೆಯ ಪತ್ರದಲ್ಲಿ ಒಂದು ಈಮೇಲ್ ವಿಳಾಸ ಇದೆ, ಅದರ ಫೋಟೋ ನನ್ನ ಫೋನಿನಲ್ಲಿದೆ. ಇಂಗ್ಲಿಷಿನಲ್ಲಿ ಐದು ಸಾಲು ಬರೆದರೆ ರಾವಿರಿ ಉಳಿಯುತ್ತಾರೆ, ಡಾಕ್ಟರ ಸಂಸಾರ ಬೀದಿಗೆ ಬೀಳುತ್ತದೆ. ಬರೆಯದಿದ್ದರೆ ಅದು ತಿರುವುಮುರುವು. ಐದು ಸಾಲಿನ ಬದಲು ನಾನು ಇಷ್ಟು ಪುಟ ಬರೆದೆ, ಅದೂ ಆ ವಿಳಾಸದಲ್ಲಿರುವ ಯಾರೂ ಓದಲಾರದ ಭಾಷೆಯಲ್ಲಿ.

೯

ಗುರುವಾರ ಮಧ್ಯಾಹ್ನ. ನ್ಯೂ ಲಿನ್ ಸ್ಟೇಶನ್ನಿನ ಬೆಂಚಿನ ಮೇಲೆ ಕೂತಿದ್ದೇನೆ. ಎರಡು ರೈಲು ಬಿಟ್ಟೆ. ಫೋನಿನಲ್ಲಿ ಒಂದು ಮೆಸೇಜ್ ಬಂದಿದೆ, ಅದನ್ನು ಹಾಗೇ ಕನ್ನಡಕ್ಕೆ ಮಾಡಿ ಕೊಡುತ್ತೇನೆ:

"ನಮಸ್ಕಾರ ಅಮಿತಾ, ರಾವಿರಿ ನಾನು. ಡಾಕ್ ಫೋನ್ ಎತ್ತುತ್ತಿಲ್ಲ. ತುಂಬ ಚಿಂತೆ ಹಚ್ಚಿಕೊಂಡಿರಬೇಕು. ಅವರ ಪ್ರಾರ್ಥನೆಯ ಬಗ್ಗೆ ನಾನು ಯಾರಿಗೂ ಹೇಳಿಲ್ಲ, ನಾಳೆಯೂ ಹೇಳುವುದಿಲ್ಲ ಅಂತ ಅವರಿಗೆ ತಿಳಿಸ್ತೀರಾ? ಅದನ್ನು ಇವರ ಫೈಲಿನಲ್ಲಿ ಹಾಕಿಸೋದು ಬೇಡ. ನಿಮ್ಮಿಬ್ಬರನ್ನು ಬಿಟ್ಟರೆ ಬೇರೆ ಯಾರಿಗೂ ಅದು ಅರ್ಥವಾಗೋದೂ ಇಲ್ಲ. ಈರುಳ್ಳಿ ಬೇಕಾದ್ರೆ ಹೇಳಿ."

ಉತ್ತರ ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ. (ಡ್ರಾಫ್ಟುಗಳ ಬಗ್ಗೆ ತಮಾಷೆ ಮಾಡುವ ಚೈತನ್ಯ ಈಗ ಇಲ್ಲ.)

ಇಲ್ಲಿ ನಾನು ಮುಕ್ತಾಯ ಕೊಡುವುದಿಲ್ಲ. ಮುಕ್ತಾಯಗಳಲ್ಲಿ ನಂಬಿಕೆಯಿಲ್ಲ ಎಂದು ಹಿಂದೆ ಎಷ್ಟೋ ಸಲ ಜಂಬದ ಭಾಷಣ ಮಾಡಿದ್ದೇನೆ. ಇವತ್ತು ಕೊಡದಿರುವುದಕ್ಕೆ ಅದು ಕಾರಣವಲ್ಲ, ನನಗೆ ಹೆದರಿಕೆಯಾಗಿದೆ.

ಈಗ ನಿಮಗೂ ಎಲ್ಲ ಗೊತ್ತು. ನಾಳೆ ಹತ್ತು ಗಂಟೆಗೆ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿಕೊಳ್ಳಿ, ನನಗೆ ಹೇಳಬೇಡಿ. ಮೂರನೆಯ ರೈಲು ಬರುತ್ತಿದೆ. ರಾವಿರಿಯ ಫೋನಿನಲ್ಲಿ ಆ ಮೆಸೇಜಿನ ಪಕ್ಕ ನಾನು ಓದಿದೆ ಎಂಬ ನೀಲಿ ಗುರುತು ಬಿದ್ದು ಇಪ್ಪತ್ತು ನಿಮಿಷವಾಯಿತು. ರಾವಿರಿ ಇನ್ನೂ ಆನ್‌ಲೈನ್‌ನಲ್ಲೇ ಇದ್ದಾರೆ.